ಮೇವು ಎಳೆಯದ ಯಂತ್ರವೂ ಒಡೆಯರ ಹೊಣೆಯೂ

ಬೀಳಗಿ ತಾಲೂಕಿನ ಎರೆಯ ಹೊಲಗಳಲ್ಲಿ ಹಿಂಗಾರಿ ಜೋಳದ ರಾಶಿ ಮುಗಿದು ಬಣವಿಗಳು ಏಳುವ ಹೊತ್ತಿಗೆ ಊರೂರಲ್ಲಿ ಕಣಿಕೆ ಕತ್ತರಿಸುವ ಯಂತ್ರದ ಸಪ್ಪಳವು ಕೇಳಬರುವದು. ಈ ಯಂತ್ರವು ನಮ್ಮ ಸೀಮೆಗೆ ಹೊಸದಲ್ಲ. ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಮೊದಮೊದಲು ತಯಾರಿಸಿದ ಒಕ್ಕಲುತನದ ಉಪಕರಣಗಳಲ್ಲಿ ಇದೂ ಒಂದಾಗಿತ್ತು. 1910ರಲ್ಲಿ ಅವರು ಕಿರ್ಲೋಸ್ಕರವಾಡಿಯಲ್ಲಿ ಕಾರಖಾನೆ ಹೂಡಿದರು. ಆಗ ಗಾಲಿಯನ್ನು ಕೈಯಿಂದ ತಿರುವುತ್ತಿದ್ದರು. ತಿರುವುವವನು ಕೈಬಿಟ್ಟರೆ ಯಂತ್ರವು ಬೇಗನೆ ನಿಲ್ಲುತ್ತಿತ್ತು. ಈಗ ಮೋಟಾರು ತಿರುವುತ್ತಿರುವದರಿಂದ ಆಳಿನ ಕೈ ಸಿಕ್ಕರೂ ಅದು ನಿಲ್ಲುವದಿಲ್ಲ.

ಯಂತ್ರವು ಮೇವನ್ನು ಎಳೆಯಲೊಲ್ಲದಾದಾಗ "ಆಳು ಸರಿಯಾಗಿ ಸಿವುಡು ಒಡ್ಡುವದಿಲ್ಲ" ಎಂದು ಗದರಿಸುವದು ರೂಢಿಯಾಗಿದೆ. ಗದರಿಕೆಗೆ ಅಂಜಿ ಅವನು ಕೈಯಿಂದ ದಬ್ಬುವನು. ಕೇಡು ಸಂಭವಿಸುವದು ಆ ಗಳಿಗೆಯಲ್ಲಿಯೇ. ನಮ್ಮ ಅಭಿಪ್ರಾಯದಲ್ಲಿ ಈ ದೋಷವು ಬಹುಮಟ್ಟಿಗೆ ಆಳಿನದಲ್ಲ, ಯಂತ್ರವನ್ನು ಇಟ್ಟುಕೊಂಡವರದು.

ದೋಷವೆಲ್ಲಿದೆಯೆಂಬುದನ್ನು ಕತ್ತರಿಸಿ ಬಿದ್ದ ಮೇವೇ ಹೇಳುವದು. ತುಂಡುಗಳ ತುದಿ ಹರಿದು ನಾರು ನಾರಾಗಿದ್ದರೆ ಅಲಗು ಮೊಂಡಾಗಿದೆ, ಇಲ್ಲವೆ ಅಲಗಿಗೂ ಅದರ ಎದುರಿನ ಉಕ್ಕಿನ ಪಟ್ಟಿಗೂ ನಡುವಿನ ಸಂದು ಹೆಚ್ಚಾಗಿದೆ. ಮೊಂಡಾದ ಅಲಗು ಕಣಿಕೆಯನ್ನು ಕತ್ತರಿಸದೆ ಬಗ್ಗಿಸುವದು; ನಾರು ಸಂದಿನಲ್ಲಿ ಸಿಕ್ಕು ಗಾಲಿಗೆ ಭಾರವಾಗುವದು; ಪಟ್ಟಾ ಜಾರುವದು; ಗಾಲಿಯೊಂದಿಗೆ ರೋಲರುಗಳೂ ಮಂದವಾಗುವವು. ನೋಡುವವರು ರೋಲರಿನ ದೋಷವೆಂದು ಭ್ರಮಿಸುವರು. ತುದಿ ನಯವಾಗಿದ್ದೂ ಮೇವು ಒಳಗೆ ಹೋಗದಿದ್ದರೆ ಆಗ ರೋಲರಿನ ಸವೆದ ಹಲ್ಲುಗಳನ್ನೂ ಸಡಿಲಾದ ಸ್ಪ್ರಿಂಗನ್ನೂ ಪರೀಕ್ಷಿಸತಕ್ಕದ್ದು. ಮೋಟಾರನ್ನು ಹೊಸದಾಗಿ ಜೋಡಿಸಿದ ಮೇಲೆ ಯಂತ್ರವು ತಿರುವುಮುರುವಾಗಿ ತಿರುಗುತ್ತಿದ್ದರೆ ತಂತಿಗಳನ್ನು ಬಲ್ಲವರಿಂದಲೇ ಬದಲಿಸತಕ್ಕದ್ದು.

ಅಲಗು ಮೊಂಡಾಗಲು ನಮ್ಮಲ್ಲಿ ವಿಶೇಷ ಕಾರಣವೊಂದುಂಟು. ಹಿಂಗಾರಿ ಜೋಳವನ್ನು ಬೇರುಸಹಿತ ಕೀಳುವ ಪದ್ಧತಿಯಿರುವದರಿಂದ ಎರೆಮಣ್ಣು ಬುಡಕ್ಕೆ ಅಂಟಿಕೊಂಡು ಬರುವದು. ಮಣ್ಣು ಸಹಿತವಾಗಿ ಒಡ್ಡಿದರೆ ಒಳ್ಳೆಯ ಉಕ್ಕೂ ಬಹಳ ಹೊತ್ತು ಬಾಳದು. ಮೊದಲೇ ಬುಡವನ್ನು ಕುಡುಗೋಲಿನಿಂದ ಕೊಯ್ದು ಹಾಕಿದರೆ ಅಲಗೂ ಉಳಿಯುವದು, ದನಗಳ ಬಾಯಿಗೆ ಮಣ್ಣೂ ಹೋಗದು. ಕಬ್ಬಿನ ಹಸಿ ಸೋಗೆಯನ್ನು ಒಣ ಕಣಿಕೆಯೊಡನೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಒಡ್ಡಿದರೆ ಅದು ರೋಲರಿಗೆ ಸುತ್ತಿಕೊಳ್ಳುವದು ಕಡಿಮೆಯಾಗುವದು.

ಮೇವು ಸಿಕ್ಕಿಕೊಂಡರೆ ಕ್ರಮವು ಒಂದೇ: ಮೋಟಾರು ನಿಲ್ಲಿಸಿ, ವಿದ್ಯುತ್ತಿನ ಸಂಬಂಧ ತಪ್ಪಿಸಿ, ಗಾಲಿಯು ತಾನಾಗಿ ನಿಂತ ಮೇಲೆ ಅದಕ್ಕೆ ಕಟ್ಟಿಗೆಯ ತಡೆ ಕೊಟ್ಟು, ಅನಂತರವೇ ಮೇವು ತೆಗೆಯತಕ್ಕದ್ದು. ಮೇವು ಒಡ್ಡುವ ದೋಣಿಯು ತೋಳು ಚಾಚಿದರೂ ಬೆರಳು ರೋಲರಿಗೆ ಮುಟ್ಟದಷ್ಟು ಉದ್ದವಾಗಿಯೂ ರೋಲರಿನ ಬದಿಗೆ ಮುಚ್ಚಳವುಳ್ಳದ್ದಾಗಿಯೂ ಇರಬೇಕು. ಸೆರಗು ಜೋತಾಡುವಂತೆ ಬಿಟ್ಟುಕೊಂಡು ಯಾರೂ ಅಲ್ಲಿ ನಿಲ್ಲಬಾರದು.

"ವಿದ್ಯುತ್ತು ಇರುವದೇ ಕೆಲವು ತಾಸು, ನಡುನಡುವೆ ನಿಲ್ಲಿಸುತ್ತ ಕುಳಿತರೆ ಕೆಲಸವೆಂದಿಗೆ ಮುಗಿಯುವದು?" ಎಂದು ಕೆಲವರು ಆಕ್ಷೇಪಿಸುವರು. ಆದರೆ ಮಸೆದ ಅಲಗುಗಳ ಎರಡನೆಯ ಜೋಡಿಯೊಂದು ಸಿದ್ಧವಿದ್ದರೆ ಬದಲಿಸಲು ಬಹಳ ಹೊತ್ತು ಹಿಡಿಯದು; ಮೊಂಡು ಅಲಗಿನೊಡನೆ ಹೆಣಗುವದರಲ್ಲಿಯೇ ಹೆಚ್ಚಿನ ಹೊತ್ತು ಹೋಗುವದು.

ಯಂತ್ರವನ್ನು ತಾಸಿನ ಲೆಕ್ಕದಿಂದ ಬಾಡಿಗೆಗೆ ಕೊಡುವಲ್ಲಿ ಈ ಅವಸರವು ಇಮ್ಮಡಿಯಾಗುವದು. ನಿಲ್ಲಿಸಿದ ವೇಳೆಗೂ ಹಣ ತೆರಬೇಕಾದವನು ನಿಲ್ಲಿಸಲು ಹಿಂಜರಿಯುವನು. ಆದುದರಿಂದ ಗ್ರಾಮದ ಹಿರಿಯರು ಕೂಡಿ ಕುಳಿತು ಮೂರು ಮಾತುಗಳನ್ನು ಗೊತ್ತುಪಡಿಸುವದು ಯೋಗ್ಯವು. ಯಂತ್ರದ ಸಂಗಡ ಮಸೆದ ಅಲಗಿನ ಜೋಡಿಯನ್ನೂ ಕಳಿಸತಕ್ಕದ್ದು. ಅಲಗು ಬದಲಿಸುವ ವೇಳೆಯನ್ನು ಬಾಡಿಗೆಯಲ್ಲಿ ಹಿಡಿಯಬಾರದು. ನಿಲ್ಲಿಸೆಂದು ಮೇವು ಒಡ್ಡುವವನು ಕೂಗಿದರೆ ಯಾರೂ ಎದುರಾಡದೆ ನಿಲ್ಲಿಸತಕ್ಕದ್ದು. ಒಂದು ಜೋಡಿ ಅಲಗಿನ ಬೆಲೆಯನ್ನು ಒಡೆಯನು ಒಂದು ಸುಗ್ಗಿಯಲ್ಲಿ ಮರೆಯುವನು. ಕೂಲಿಯವನು ಕಳಕೊಂಡ ಕೈಯ ಬೆಲೆಯನ್ನಾದರೋ ಅವನ ಮನೆಯವರು ಜನ್ಮವಿಡೀ ತೆರಬೇಕಾಗುವದು.