ಕಡಲ ತರಂಗಭಾಷೆಯನ್ನು ಕರಾವಳಿಯೂ ಓದಲಿ

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯು ಏಳು ಮಂದಿ ಮೀನುಗಾರರೊಡನೆ ಕಣ್ಮರೆಯಾಗಿ, ಮರುವರ್ಷದ ಮೇ ತಿಂಗಳಿನಲ್ಲಿ ಮಾಲ್ವಣದಾಚೆಯ ಕಡಲತಳದಲ್ಲಿ ಅದರ ಅವಶೇಷವು ನೌಕಾದಳದ ‘ನಿರೀಕ್ಷಕ್’ ಹಡಗಿಗೆ ಗೋಚರಿಸುವವರೆಗೆ, ಉತ್ತರ ಕನ್ನಡದ ಐದು ಮನೆಗಳೂ ಉಡುಪಿಯ ಎರಡು ಮನೆಗಳೂ ಅನುಭವಿಸಿದ ಅನಿಶ್ಚಿತತೆಯನ್ನು ನೆನೆದಾಗಲೆಲ್ಲ, ಸಮುದ್ರದ ಮೇಲೆ ಅಹೋರಾತ್ರಿ ನಡೆಯುತ್ತಿರುವ ತರಂಗಸಂಭಾಷಣೆಯನ್ನು ಓದುವ ವಿದ್ಯೆ ನಮ್ಮ ಕರಾವಳಿಯ ಊರುಗಳಿಗೆ ಇನ್ನೂ ಲಭಿಸದಿರುವುದು ಸಹಿಸಲಾಗದ ಕೊರತೆಯೆಂದು ನನಗೆ ತೋರುತ್ತದೆ.

ಆ ಸಂಭಾಷಣೆ ರಹಸ್ಯವಾದುದಲ್ಲ. 300 ಟನ್ನಿಗೆ ಕಡಿಮೆಯಿಲ್ಲದೆ ದೇಶಾಂತರಕ್ಕೆ ಸಂಚರಿಸುವ ವಾಣಿಜ್ಯ ನೌಕೆಗಳು ಎ.ಐ.ಎಸ್. ಎಂಬ ವ್ಯವಸ್ಥೆಯ ಮೂಲಕ ತಮ್ಮ ಒಂಬತ್ತಂಕಿಯ ಗುರುತು, ಅಕ್ಷಾಂಶ, ರೇಖಾಂಶ, ವೇಗ, ದಿಕ್ಕುಗಳನ್ನು 161.975 ಮತ್ತು 162.025 ಮೆಗಾಹರ್ಟ್ಸ್ ಕಂಪನಾಂಕಗಳಲ್ಲಿ ಬಹಿರಂಗವಾಗಿ ಸಾರುತ್ತವೆ. ಒಂದೊಂದು ಕಂಪನಾಂಕದಲ್ಲಿಯೂ ನಿಮಿಷವನ್ನು 2250 ಖಂಡಗಳಾಗಿ ವಿಭಜಿಸಿಕೊಂಡು, ಬಾವಿಕಟ್ಟೆಯಲ್ಲಿ ಸರದಿಯರಿತು ನಿಂತವರಂತೆ, ತಂತಮ್ಮ ಖಂಡದಲ್ಲಿ ಮಾತ್ರ ನುಡಿಯುತ್ತವೆ. ವಿಶ್ಲೇಷಕ ತಂತ್ರಾಂಶವು ಆ ಸೊನ್ನೆ-ಒಂದುಗಳ ಪ್ರವಾಹದಲ್ಲಿ ಸಂದೇಶದ ಆದ್ಯಂತಗಳ ಚಿಹ್ನೆಯನ್ನು ಅರಸಿ, ಆ ಚಿಹ್ನೆಯ ಭ್ರಾಂತಿ ಹುಟ್ಟದಿರಲೆಂದು ಐದು ಒಂದುಗಳ ಬೆನ್ನಿಗೆ ಸೇರಿಸಿದ ಸೊನ್ನೆಯನ್ನು ಕಳೆದು, ಕೊನೆಯ ಹದಿನಾರು ಬಿಟ್‌ಗಳಿಂದ ಶುದ್ಧಾಶುದ್ಧವನ್ನು ಪರೀಕ್ಷಿಸಿ, ತಾಳೆಯಾಗದುದನ್ನು ತ್ಯಜಿಸಿ, ಉಳಿದ 168 ಬಿಟ್‌ಗಳನ್ನು ನಿಯತ ಕ್ರಮದಲ್ಲಿ ಬಿಡಿಸಿದೊಡನೆ ಹಡಗಿನ ಸ್ಥಾನವೂ ಗತಿಯೂ ಪ್ರತ್ಯಕ್ಷವಾಗುವುವು. ಗುರುತು 419ರಿಂದ ಮೊದಲಾದರೆ ನೌಕೆ ಭಾರತದ್ದು. ಪ್ರೌಢಶಾಲೆಯ ಗಣಿತ ಬಲ್ಲ ಹುಡುಗಿಗೆ ಇದರಲ್ಲಿ ದುರ್ಗಮವಾದುದೇನೂ ಇಲ್ಲ.

ಆದರೆ ಈ ಸಂದೇಶಕ್ಕೆ ಸಹಿಯೂ ಇಲ್ಲ, ಮುದ್ರೆಯೂ ಇಲ್ಲ. ಸುಳ್ಳು ಸ್ಥಾನವನ್ನು ಸಾರುವುದು ಸಾಧ್ಯ. ಯುದ್ಧನೌಕೆಗಳಿಗೆ ಸಾರಬೇಕೆಂಬ ಕಡ್ಡಾಯವಿಲ್ಲ, ಸಣ್ಣ ದೋಣಿಗಳಲ್ಲಿ ಬಹುಪಾಲಿಗೆ ಯಂತ್ರವೇ ಇಲ್ಲ. ಆದುದರಿಂದಲೇ ಓದುವವನಿಗೆ ಪರೀಕ್ಷಕಬುದ್ಧಿ ಬೇಕು: ಸಾರಿದ ವೇಗಕ್ಕೂ ಎರಡು ಸ್ಥಾನಗಳ ನಡುವಣ ದೂರಕ್ಕೂ ಹೊಂದಿಕೆಯುಂಟೆ ಎಂದು ಲೆಕ್ಕಹಾಕಿ ನೋಡುವ ಅಭ್ಯಾಸ ಬೇಕು. ಇಸ್ರೋ ರೂಪಿಸಿದ ಉಪಗ್ರಹ ಟ್ರಾನ್ಸ್‌ಪಾಂಡರುಗಳನ್ನು ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಅಳವಡಿಸುವ ಯೋಜನೆ 2024ರ ಆಗಸ್ಟಿನಲ್ಲಿ ಪಾಲ್ಘರಿನಲ್ಲಿ ಉದ್ಘಾಟಿತವಾಗಿರುವುದು ಸಂತೋಷದ ವಿಷಯ. ಅದು ಈ ಓದಿಗೆ ಪೂರಕವೇ ಹೊರತು ಪರ್ಯಾಯವಲ್ಲ.

ಈ ಸಂದೇಶಗಳನ್ನು ಹಿಡಿಯುವ ಮೊದಲ ಗ್ರಾಹಕಕ್ಕೆ ತಕ್ಕ ಊರೆಂದು ಕಾರವಾರ ತಾಲ್ಲೂಕಿನ ಚೆಂಡಿಯಾವನ್ನು ನಾನು ಹೆಸರಿಸುವುದು ಸಕಾರಣವಾಗಿ. ಈ ತರಂಗಗಳು ಬಹುಮಟ್ಟಿಗೆ ದೃಷ್ಟಿರೇಖೆಯಲ್ಲಿ ಸಾಗುವುದರಿಂದ ಗ್ರಾಹಕದ ಎತ್ತರವೇ ಅದರ ಶಕ್ತಿ. ಸಹ್ಯಾದ್ರಿಯ ಬೆಟ್ಟಗಳು ಕಡಲಂಚಿಗೇ ಇಳಿದು ಬಂದಿರುವ ಕಾರವಾರ-ಅಂಕೋಲೆಗಳ ಈ ನೆಲದಲ್ಲಿ ಎತ್ತರಕ್ಕೆ ಕೊರತೆಯಿಲ್ಲ. ಸೀಬರ್ಡ್ ನೌಕಾನೆಲೆಗಾಗಿ ಅರಗಾ, ಬಿಣಗಾ ಮೊದಲಾದ ನೆರೆಯೂರುಗಳ ಜನ ಮನೆಯನ್ನೂ ತೀರವನ್ನೂ ಬಿಟ್ಟುಕೊಟ್ಟರು. ನಾಡಿನ ರಕ್ಷಣೆಗೆ ತೀರವನ್ನೇ ಕೊಟ್ಟ ಈ ಸೀಮೆಗೆ, ಜಗತ್ತಿಗೆಲ್ಲ ತೆರೆದಿರುವ ಸಂಕೇತಗಳನ್ನು ಓದುವ ಅಧಿಕಾರವನ್ನು ವಿಧ್ಯುಕ್ತ ಅನುಮತಿಯೊಡನೆ ಕೊಡುವುದು ನ್ಯಾಯ. ನೌಕಾದಳದ ಹಾಗೂ ತಟರಕ್ಷಣಾ ಪಡೆಯ ಸಮ್ಮತಿ ಪಡೆದು ಮೀನುಗಾರಿಕೆ ಇಲಾಖೆಯು ಮೊದಲ ಗ್ರಾಹಕವನ್ನು ಇಲ್ಲಿ ಸ್ಥಾಪಿಸಲಿ; ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ದೋಣಿ ನಡೆಸುವ ತಾಂಡೇಲರ ಮಕ್ಕಳಿಗೆ ಅದನ್ನು ಬಿಡಿಸಿ ಓದಲು ಕಲಿಸಲಿ; ದೋಣಿಯೊಂದು ಹಿಂದಿರುಗದ ರಾತ್ರಿ, ಆ ಹೊತ್ತಿಗೆ ಆ ನೀರಿನಲ್ಲಿ ಯಾವ ಯಾವ ಹಡಗುಗಳು ಹಾದುವೆಂಬ ದಾಖಲೆ ಊರಿನ ಸಹಕಾರ ಸಂಘದಲ್ಲಿಯೇ ದೊರೆಯುವಂತಾಗಲಿ.