ಕಡಜವನ್ನು ಗೆದ್ದ ಜೇನು ನಮ್ಮ ಪಂಪಿಗೆ ಸೋತಿತು



ವರದೆ ಹುಟ್ಟುವ ವರದಮೂಲದ ಸುತ್ತಿನ ತೋಟಗಳಲ್ಲಿ ತುಡುವೆ ಸಾಕಿದವರಿಗೆ ಕಡಜ ಹೊಸದಲ್ಲ. ಪೆಟ್ಟಿಗೆಯ ಬಾಗಿಲಲ್ಲಿ ಹೊಂಚು ಹಾಕಿ ಒಂದೊಂದೇ ಹುಳವನ್ನು ಹೊತ್ತೊಯ್ಯುತ್ತದೆ. ತುಡುವೆ ಸುಮ್ಮನೆ ಸಾಯುತ್ತಾ? ಇಲ್ಲ. ನೂರಾರು ಹುಳ ಒಮ್ಮೆಲೇ ಮುತ್ತಿ, ಕಡಜವನ್ನು ನಡುವೆ ಹಾಕಿ ಉಂಡೆ ಕಟ್ಟಿ, ಮೈ ಅದುರಿಸಿ, ಒಳಗಿನ ಕಾವನ್ನು 45 ಡಿಗ್ರಿ ಆಸುಪಾಸಿಗೆ ಏರಿಸುತ್ತವೆ. ಕಡಜ ಬೆಂದು ಸಾಯುತ್ತದೆ, ಜೇನು ತಡೆದುಕೊಳ್ಳುತ್ತದೆ. ಹೆಜ್ಜೇನು ಬಯಲು ಎರಿಯ ಮೇಲೆ ಸಾಲುಸಾಲಾಗಿ ಹೊಟ್ಟೆ ಎತ್ತಿ, ಅಲೆ ಎಬ್ಬಿಸಿ ಕಡಜವನ್ನು ಬೆದರಿಸುತ್ತದೆ.

ಇಂಥ ಗಟ್ಟಿಗನಿಗೆ ನಮ್ಮ ಪಂಪಿನ ವಿಷದೆದುರು ಯಾವ ಉಪಾಯವೂ ಇಲ್ಲ. ವಿಷಕ್ಕೆ ಮೈಯಿಲ್ಲ, ಮುತ್ತುವುದು ಯಾರನ್ನು? 1991-92ರ ಥಾಯ್ ಸ್ಯಾಕ್‌ಬ್ರೂಡ್ ರೋಗಕ್ಕೆ ಪೆಟ್ಟಿಗೆಗಳು ಬರಿದಾದದ್ದನ್ನು ಹಿರಿಯರು ಮರೆತಿಲ್ಲ. ಅದು ವೈರಸ್ಸಿನ ಪೆಟ್ಟು. ಇದು ನಮ್ಮದೇ ಕೈಯ ಪೆಟ್ಟು.

ಲೆಕ್ಕ ಹಾಕಿ ಸ್ವಾಮಿ. ಜೇನು ಹೂವಿಗೆ ಹೋದರೆ ತಾನೆ ಏಲಕ್ಕಿ ಕಾಯಿ ಕಟ್ಟುವುದು? ಅಂಗಡಿಯಲ್ಲಿ ಉದ್ರಿ ಬರೆಸಿ ವಿಷ ತಂದು, ಹೂವಿನ ಹೊತ್ತಲ್ಲೇ ಹೊಡೆದು, ಕೂಲಿ ಕೇಳದ ಆಳನ್ನು ಕೊಂದು, ಆಮೇಲೆ ಫಸಲು ಕಮ್ಮಿಯಾಯ್ತು ಅಂತ ಸೊಸೈಟಿ ಬಾಗಿಲಲ್ಲಿ ಸಾಲಕ್ಕೆ ನಿಲ್ಲುತ್ತೇವೆ. ಲಾಭ ಯಾರಿಗೆ? ವಿಷ ಮಾರಿದವನಿಗೆ!

ಬೆಳಿಗ್ಗೆ ಜೇನು ಹೂವಲ್ಲಿರುವಾಗ ಪಂಪು ಮುಟ್ಟಬೇಡಿ. ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ, ಅದೂ ಪೆಟ್ಟಿಗೆ ಇಟ್ಟ ಅಕ್ಕಪಕ್ಕದವರಿಗೆ ಮೊದಲೇ ಹೇಳಿ. ಒಬ್ಬ ಬಿಟ್ಟರೆ ಸಾಲದು, ಊರೇ ಬಿಡಬೇಕು. ಒಂಟಿ ತುಡುವೆ ಕಡಜವನ್ನು ಕೊಂದದ್ದುಂಟೇ?