ಜೋಳಿಗೆಗೆ ಹಾಕಿದ ಮೇಲೆ



ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಬೇಡಿದ್ದು ಕಾಳನ್ನಲ್ಲ, ಕಾಸನ್ನಲ್ಲ, ಜನರ ದುಶ್ಚಟಗಳನ್ನು. ಬೀಡಿ, ಸಿಗರೇಟು, ಹೆಂಡಗಳನ್ನು ತೊರೆದವರು ಆ ಮಹಾಂತ ಜೋಳಿಗೆಗೆ ತಮ್ಮ ಚಟವನ್ನು ಭಿಕ್ಷೆಯಾಗಿ ನೀಡಿದರು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಆದರೆ ಜೋಳಿಗೆಯ ಅರ್ಥವನ್ನು ಅನೇಕರು ತಲೆಕೆಳಗಾಗಿ ಗ್ರಹಿಸಿದ್ದಾರೆ. ಚಟವನ್ನು ಕೊಟ್ಟಾಯಿತು, ಇನ್ನು ಅದನ್ನು ಕಾಯುವ ಭಾರ ಸ್ವಾಮಿಗಳದ್ದು ಎಂಬುದು ಅವರ ಎಣಿಕೆ. ಹದಿನೈದು ದಿನಕ್ಕೆ ಬಾಯಲ್ಲಿ ಮತ್ತೆ ಹೊಗೆ! ಕೇಳಿದರೆ, ದೊಡ್ಡಬಳ್ಳಾಪುರದಲ್ಲಿ ಮಗ್ಗದ ರಾತ್ರಿಪಾಳಿ ಕಾರಣ. ನೆಲಮಂಗಲದಲ್ಲಿ ಹೆದ್ದಾರಿಯ ಚಹದಂಗಡಿ ಕಾರಣ. ಹೊಸಕೋಟೆಯಲ್ಲಿ ಗೆಳೆಯನ ಒತ್ತಾಯ ಕಾರಣ. ಕಡ್ಡಿ ಗೀರಿದ ಕೈ ಮಾತ್ರ ಎಲ್ಲಿಯೂ ಕಾರಣವಲ್ಲ.

ಕಲ್ಯಾಣದ ಶರಣರು ಹೊಗೆಸೊಪ್ಪನ್ನು ಕಂಡವರಲ್ಲ. ಅದು ಪೋರ್ಚುಗೀಸರ ಹಡಗಿನಲ್ಲಿ ಈ ನೆಲಕ್ಕೆ ಬಂದದ್ದು ಶತಮಾನಗಳ ತರುವಾಯ. ವಚನಗಳಲ್ಲಿ ಬೀಡಿಯ ನಿಷೇಧವನ್ನು ಹೆಕ್ಕಿ ತೆಗೆಯುವ ವ್ಯಾಖ್ಯಾನ ವ್ಯರ್ಥಶ್ರಮವೇ ಸರಿ. ಶರಣರಲ್ಲಿ ದೊರೆಯುವುದು ಬೇರೊಂದು: ಲಿಂಗವನ್ನು ಪೂಜಾರಿಯ ವಶಕ್ಕೆ ಬಿಡದೆ ತನ್ನ ಅಂಗೈಯಲ್ಲಿಯೇ ಹಿಡಿಯಬೇಕೆಂಬ ನಿಲುವು. ಪೂಜೆಯನ್ನೇ ಮತ್ತೊಬ್ಬರಿಗೆ ವಹಿಸಲೊಪ್ಪದ ಧರ್ಮದಲ್ಲಿ ಸಂಯಮವನ್ನು ಸ್ವಾಮಿಗಳಿಗೆ ವಹಿಸುವುದೆಂತು? ಜೋಳಿಗೆ ಕೊಟ್ಟದ್ದನ್ನು ಸ್ವೀಕರಿಸುತ್ತದೆ; ಕೊಟ್ಟವನ ಬೆನ್ನಹಿಂದೆ ಅಂಗಡಿಯವರೆಗೆ ಬರುವುದಿಲ್ಲ. ಕಾನೂನೂ ಅಷ್ಟೆ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಬಿಡಿ ಸಿಗರೇಟಿನ ಮಾರಾಟವನ್ನು ನಿಷೇಧಿಸಿದೆ, ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದೆ. ಒಳ್ಳೆಯದೇ. ನಲವತ್ತು ದಾಟಿದವನ ಜೇಬನ್ನು ಅದು ಕಾಯದು.

ಇನ್ನು ‘ಒಂದೇ ಒಂದು’ ಎಂಬ ಮಾತು. ಬಿಟ್ಟವರನ್ನು ಮರಳಿ ಎಳೆಯುವುದು ಹೆಚ್ಚಾಗಿ ಇದೇ. ಹೊಗೆಯೊಡನೆ ಒಳಹೊಕ್ಕ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಹಳೆಯ ದಾರಿ ಅದಕ್ಕೆ ಮರೆತಿರುವುದಿಲ್ಲ. ಬಿಟ್ಟ ಮೊದಲ ವಾರ ಸಿಡುಕು, ನಿದ್ರಾಹೀನತೆ, ಚಡಪಡಿಕೆಗಳು ಉಗ್ರವಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಒಮ್ಮೆ ಎದ್ದ ಬಯಕೆಯ ಅಲೆ ಸಾಮಾನ್ಯವಾಗಿ ಕೆಲವು ನಿಮಿಷಗಳದ್ದು. ಹಾಗಾಗಿ ಹೊಣೆಯೆಂದರೆ ಜೀವಮಾನದ ವೀರವ್ರತವಲ್ಲ, ಆ ಕೆಲವು ನಿಮಿಷಗಳಿಗೆ ಮುಂಚಿತವಾಗಿ ಮಾಡಿಕೊಳ್ಳುವ ಏರ್ಪಾಡು: ಯಾವ ಅಂಗಡಿಯ ಮುಂದೆ ನಿಲ್ಲಬಾರದು, ಪಾಳಿಯ ನಡುವೆ ಕೈಗೆ ಏನು ಕೆಲಸ, ಯಾವ ಗೆಳೆಯನಿಗೆ ಮೊದಲೇ ಹೇಳಿಡಬೇಕು.

ಇದಕ್ಕೆ ವಿರುದ್ಧವಾದ ಹಮ್ಮೂ ಒಂದಿದೆ. ಮನಸ್ಸು ಗಟ್ಟಿಯಿದ್ದರೆ ಔಷಧವೇಕೆ, ಸಲಹೆಯೇಕೆ ಎನ್ನುವವರದು. ಯಾರ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ವರ್ಷವಿಡೀ ಉಳಿಯುವವರು ತೀರ ಕಡಿಮೆ. ವೈದ್ಯರ ಸಲಹೆ, ನಿಕೋಟಿನ್ ಗಮ್ ಮುಂತಾದವು ಆ ಸಂಖ್ಯೆಯನ್ನು ಹೆಚ್ಚಿಸುತ್ತವೆಂಬುದು ಸಿದ್ಧಪಟ್ಟ ಸಂಗತಿ. ಸಿಗರೇಟಿನ ಪೊಟ್ಟಣದ ಮೇಲೆಯೇ 1800-11-2356 ಎಂಬ ಉಚಿತ ದೂರವಾಣಿ ಸಂಖ್ಯೆ ಅಚ್ಚಾಗಿದೆ. ಕನ್ನಡದಲ್ಲಿ ಮಾತನಾಡುವ ಸಲಹೆಗಾರರು ಬೆಂಗಳೂರಿನ ನಿಮ್ಹಾನ್ಸ್‌ನಿಂದ ಉತ್ತರಿಸುತ್ತಾರೆ. ಕರೆ ಮಾಡುವುದು ಹೊಣೆ ಹೊತ್ತವನ ಲಕ್ಷಣವೇ ಹೊರತು ಹೊಣೆಗೇಡಿಯದ್ದಲ್ಲ.

ಹೀಗಿದ್ದೂ ಜಾರುವವರುಂಟು. ಜಾರಿದವನು, ವ್ರತ ಕೆಟ್ಟಿತು, ಮುಂದಿನ ಆಗಸ್ಟ್ 1 ಬರಲಿ, ಮತ್ತೆ ಜೋಳಿಗೆಗೆ ಹಾಕೋಣ ಎನ್ನುತ್ತಾನೆ. ಇದು ಪಶ್ಚಾತ್ತಾಪವಲ್ಲ, ಅಲ್ಲಿಯವರೆಗೆ ಸೇದಲು ತಾನೇ ಬರೆದುಕೊಂಡ ರಜಾಚೀಟಿ. ಇಳಕಲ್ಲಿನಂತೆ ದೊಡ್ಡಬಳ್ಳಾಪುರವೂ ನೇಕಾರರ ಊರು. ಹಾಸಿನ ಎಳೆ ತುಂಡಾದಾಗ ಅಲ್ಲಿನ ನೇಕಾರ ಸೀರೆಯನ್ನೇ ಹರಿದೊಗೆಯುವುದಿಲ್ಲ. ಮಗ್ಗವನ್ನು ಹಾಗೆಯೇ ಓಡಲು ಬಿಡುವುದೂ ಇಲ್ಲ. ನಿಲ್ಲಿಸಿ, ತುಂಡಾದ ಎಳೆಯನ್ನು ಹುಡುಕಿ, ಅಲ್ಲಿಯೇ ಗಂಟು ಹಾಕುತ್ತಾನೆ. ಹತ್ತರ ಪೊಟ್ಟಣದಲ್ಲಿ ಒಂದನ್ನು ಸೇದಿದವನ ಜೇಬಿನಲ್ಲಿ ಇನ್ನೂ ಒಂಬತ್ತಿವೆ. ಅವನ್ನು ಅದೇ ಗಳಿಗೆಯಲ್ಲಿ ನೀರಿಗೆ ಹಾಕುವವರು ಯಾರೆಂಬುದಷ್ಟೇ ಈಗಿನ ಪ್ರಶ್ನೆ.